ಅಪ್‌ಡೇಟ್ ಮಧ್ಯೆ ಕರೆಂಟ್ ಹೋಯ್ತು, ಈಗ ರೌಟರ್ ಏಳ್ತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ರೌಟರ್ ಗೋಳೇ. ಮಳೆಗಾಲ ಬಂತಲ್ಲ, ಕರೆಂಟ್ ಹೋಗೋ ಕಾಲಕ್ಕೆ ಸರಿಯಾಗಿ ಜನಕ್ಕೆ ಫರ್ಮ್‌ವೇರ್, ಅಂದ್ರೆ ರೌಟರನ್ನ ಓಡಿಸೋ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡೋ ಹುಮ್ಮಸ್ಸೂ ಬಂದಿದೆ ಅಂತ ಕಾಣತ್ತೆ. ಪ್ರಿಂಟರ್, ಇನ್ವರ್ಟರ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆ ತನಕ ತಡ್ಕೊಳ್ಳಿ.

ಪ್ರಶ್ನೆ: ಸರ್, ನಮ್ಮದು ಶಿರಸಿ ಕಡೆ ಹಳ್ಳಿ. ಮಗಳು ಮನೆಯಿಂದಲೇ ಕೆಲಸ ಮಾಡ್ತಾಳೆ. ಕೆಳಗೆ ಫೈಬರ್ ಬಾಕ್ಸ್ ಇದೆ, ಮಹಡಿ ಮೇಲೂ ಸಿಗ್ನಲ್ ಸಿಗಲಿ ಅಂತ ಹಳೇ ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ ಒಂದನ್ನ ಹಾಕಿದ್ವಿ. ಹೋದ ವಾರ ಅದಕ್ಕೆ ಹೊಸ ಫರ್ಮ್‌ವೇರ್ ಹಾಕ್ತಾ ಇದ್ದಾಗ, ಅರ್ಧ ಆಗಿತ್ತೋ ಇಲ್ವೋ, ಕರೆಂಟ್ ಹೋಯ್ತು. ಈಗ ಆನ್ ಮಾಡಿದ್ರೆ ಎಲ್ಲಾ ಲೈಟೂ ಒಟ್ಟಿಗೆ ಹತ್ತಿ ಆರತ್ತೆ, ಮತ್ತೆ ಹತ್ತತ್ತೆ, ಹೀಗೇ ನಡೀತಾ ಇರತ್ತೆ. ವೈಫೈ ಹೆಸರೇ ಬರಲ್ಲ. ರಿಸೆಟ್ ಒತ್ತಿ ಒತ್ತಿ ಬೆರಳು ನೋವು ಬಂತು. ಅಂಗಡಿಯವರು ಬೋರ್ಡ್ ಹೋಗಿದೆ, ಬಿಸಾಕಿ ಹೊಸದು ತಗೊಳ್ಳಿ ಅಂದ್ರು. ಹೌದಾ?

ಉತ್ತರ: ಬಿಸಾಕ್ಬೇಡಿ. ಲೈಟ್ ಹತ್ತಿ ಆರ್ತಾ ಇದೆ ಅಂದ್ರಲ್ಲ, ಅದೇ ಒಳ್ಳೇ ಸುದ್ದಿ. ಒಳಗೆ ಒಬ್ಬ ಇನ್ನೂ ಎದ್ದಿದ್ದಾನೆ ಅಂತ ಅರ್ಥ.

ಈ ರೌಟರ್ ಒಳಗೆ ಎಂಟು ಕಾಲಿನ ಒಂದು ಚಿಪ್ ಇರತ್ತೆ, ಹುಣಸೆ ಬೀಜಕ್ಕಿಂತ ಚಿಕ್ಕದು, ಅದೇ ಫ್ಲ್ಯಾಶ್, ಕರೆಂಟ್ ಹೋದ್ರೂ ಬರೆದಿದ್ದು ಉಳಿಯೋ ಮೆಮೊರಿ. ನಿಮ್ಮ ಮಾಡೆಲ್‌ನಲ್ಲಿ ಅದರ ಸೈಜ್ ಬರೀ 4 ಎಂಬಿ, ಈಗಿನ ಮೊಬೈಲಲ್ಲಿ ತೆಗೆದ ಒಂದು ಫೋಟೋ ಅಷ್ಟೇ ಜಾಗ. ಅದರ ಮೊದಲ 128 ಕೆಬಿಯಲ್ಲಿ ಬೂಟ್‌ಲೋಡರ್ ಅನ್ನೋ ಪುಟ್ಟ ಪ್ರೋಗ್ರಾಮ್ ಕೂತಿರತ್ತೆ. ಕರೆಂಟ್ ಕೊಟ್ಟ ತಕ್ಷಣ ಮೊದಲು ಏಳೋದು ಅದು. ಅದು ಎದ್ದು ಫರ್ಮ್‌ವೇರನ್ನ ಎಬ್ಬಿಸಿ ತನ್ನ ಪಾಡಿಗೆ ಸುಮ್ನಾಗತ್ತೆ. ಬ್ರೌಸರ್ ಪೇಜಿಂದ ಅಪ್‌ಡೇಟ್ ಮಾಡೋವಾಗ ಸಾಮಾನ್ಯವಾಗಿ ಅಳಿಸಿ ಬರೆಯೋದು ಫರ್ಮ್‌ವೇರ್ ಭಾಗನ ಮಾತ್ರ, ಬೂಟ್‌ಲೋಡರನ್ನ ಮುಟ್ಟಲ್ಲ. ಈಗ ನಿಮ್ಮನೇಲಿ ಆಗ್ತಿರೋದು ಇಷ್ಟು: ಬೂಟ್‌ಲೋಡರ್ ಏಳತ್ತೆ, ಫರ್ಮ್‌ವೇರನ್ನ ಕರೆಯತ್ತೆ, ಅಲ್ಲಿ ಅರ್ಧ ಹೊಸದು ಅರ್ಧ ಹಳೇದು, ಓಡಕ್ಕಾಗ್ದೆ ಬಿದ್ದು ರೀಸ್ಟಾರ್ಟ್ ಆಗತ್ತೆ, ಮತ್ತೆ ಬೂಟ್‌ಲೋಡರ್ ಏಳತ್ತೆ, ಮತ್ತೆ ಕರೆಯತ್ತೆ.

ರಿಸೆಟ್ ಯಾಕೆ ಕೆಲಸ ಮಾಡಲಿಲ್ಲ ಅಂದ್ರೆ, ಓಡ್ತಿರೋ ರೌಟರಲ್ಲಿ ಆ ಬಟನ್ ಒತ್ತಿದ್ದನ್ನ ಗಮನಿಸೋದು ಫರ್ಮ್‌ವೇರೇ. ಅದೇ ಇಲ್ಲ ಅಂದ್ಮೇಲೆ ನೀವು ಬಾಗಿಲು ಬಡಿದ್ರೆ ತೆಗೆಯೋರು ಯಾರು? ಬೂಟ್‌ಲೋಡರ್ ಆ ಬಟನ್ ಕಡೆ ನೋಡೋದು ಕರೆಂಟ್ ಬಂದ ಆ ಮೊದಲ ಕ್ಷಣದಲ್ಲಿ ಮಾತ್ರ. ಹಾಗಾಗಿ ಬಟನ್ ಮೊದಲೇ ಒತ್ತಿ ಹಿಡಿದಿರಬೇಕು, ಆಮೇಲೆ ಕರೆಂಟ್ ಕೊಡಬೇಕು. ಜನ ತಪ್ಪೋದು ಹೆಚ್ಚಾಗಿ ಇಲ್ಲೇ.

ಈಗ ರೌಟರನ್ನ ಉಲ್ಟಾ ಮಾಡಿ ಲೇಬಲ್ ಓದಿ. ಅಲ್ಲಿ ವರ್ಷನ್ 8, 9, 11 ಹೀಗೇನೋ ಬರೆದಿರತ್ತೆ. ಡಬ್ಲ್ಯುಆರ್841ಎನ್ ಅನ್ನೋದು ಹೆಸರು ಮಾತ್ರ ಒಂದು, ಒಳಗಿನ ಸಾಮಾನು ವರ್ಷನ್‌ಗೊಂದು ಥರ, 13ನೇ ವರ್ಷನ್‌ನಲ್ಲಂತೂ ಚಿಪ್ಪೇ ಮೀಡಿಯಾಟೆಕ್ ಕಂಪನಿದು. ನಿಮ್ಮದು 9 ಅಂತ ಇಟ್ಕೊಂಡು ಹೇಳ್ತೀನಿ. ಟಿಪಿ-ಲಿಂಕ್ ಸೈಟಿಂದ ಆ ವರ್ಷನ್ ಫರ್ಮ್‌ವೇರನ್ನೇ ಇಳಿಸ್ಕೊಂಡು ಜಿಪ್ ಬಿಚ್ಚಿ. ಒಳಗಿರೋ ಬಿನ್ ಫೈಲಿನ ಹೆಸರಲ್ಲಿ 'ಬೂಟ್' ಅನ್ನೋ ಪದ ಇದ್ರೆ ಸ್ವಲ್ಪ ನಿಲ್ಲಿ, ಆ ಫೈಲಿನ ತಲೇಲಿ ಬೂಟ್‌ಲೋಡರೂ ಸೇರಿಸಿಟ್ಟಿದ್ದಾರೆ ಅಂತ ಅರ್ಥ, ಅದನ್ನ ಹಾಗೇ ಕೊಟ್ರೆ ಎಲ್ಲಾ ಜಾಗ ತಪ್ಪಿ ಕೂರತ್ತೆ. 'ಬೂಟ್' ಇಲ್ಲದ ಫೈಲ್ ಸಿಕ್ರೆ ಅದನ್ನೇ ತಗೊಳ್ಳಿ, ಸಿಗದಿದ್ರೆ ಮೊದಲ 1,31,584 ಬೈಟ್ ಕತ್ತರಿಸಿ ತೆಗೀಬೇಕು, ಅಂದ್ರೆ 512 ಬೈಟಿನ 257 ತುಂಡು. ಲಿನಕ್ಸಲ್ಲಿ ಡಿಡಿ ಕಮಾಂಡಿಗೆ ಇದು ಒಂದು ಸಾಲಿನ ಕೆಲಸ, ಮಗಳಿಗೆ ಗೊತ್ತಿರಬಹುದು.

ಆಮೇಲೆ ಆ ಫೈಲಿನ ಹೆಸರು ಬದಲಿಸಿ: ಡಬ್ಲ್ಯುಆರ್841ಎನ್‌ವಿ9, ಅಂಡರ್‌ಸ್ಕೋರ್, ಟಿಪಿ, ಅಂಡರ್‌ಸ್ಕೋರ್, ರಿಕವರಿ, ಡಾಟ್ ಬಿನ್. ಎಲ್ಲಾ ಇಂಗ್ಲಿಷ್ ಸಣ್ಣಕ್ಷರ, ನಡುವೆ ಎಲ್ಲೂ ಜಾಗ ಬಿಡಬೇಡಿ. ವಿಂಡೋಸ್ ಕೊನೇ ಡಾಟ್ ಬಿನ್ನನ್ನ ಬಚ್ಚಿಟ್ಟಿರತ್ತೆ, ನೀವು ಇನ್ನೊಂದು ಸಲ ಟೈಪ್ ಮಾಡಿ ಬಿನ್ ಡಾಟ್ ಬಿನ್ ಆಗಿ ಕೂತಿರೋದನ್ನ ತುಂಬಾ ಸಲ ನೋಡಿದೀನಿ. ಲ್ಯಾಪ್‌ಟಾಪಲ್ಲಿ ಟಿಎಫ್‌ಟಿಪಿಡಿ64 ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ, ಬೂಟ್‌ಲೋಡರ್ ಕೇಳಿದಾಗ ಫೈಲ್ ಕೊಡೋದು ಇದೇ, ಫೈಲನ್ನ ಅದೇ ಫೋಲ್ಡರಲ್ಲಿಡಿ. ವೈಫೈ ಆಫ್ ಮಾಡಿ, ಲ್ಯಾನ್ ಕಾರ್ಡಿಗೆ ಕೈಯಾರೆ 192.168.0.66 ಅಂತ ಐಪಿ ಕೊಡಿ, ಮಾಸ್ಕ್ 255.255.255.0. ಕೇಬಲ್ಲನ್ನ ಹಳದಿ ಪೋರ್ಟಿಗೆ ಹಾಕಿ, ನೀಲಿಗಲ್ಲ. ಈಗ ರಿಸೆಟ್ ಒತ್ತಿ ಹಿಡ್ಕೊಂಡೇ ಕರೆಂಟ್ ಕೊಡಿ, ಬೀಗದ ಚಿತ್ರದ ಲೈಟ್ ಹತ್ತೋವರೆಗೆ ಬಿಡಬೇಡಿ. ಹತ್ತಿದ ಮೇಲೆ ಬಿಟ್ಟು ಲ್ಯಾಪ್‌ಟಾಪ್ ನೋಡಿ, ಸಾಫ್ಟ್‌ವೇರಲ್ಲಿ ಫೈಲ್ ಹೋಗ್ತಿರೋ ಪಟ್ಟಿ ಒಂದೆರಡು ಸೆಕೆಂಡ್ ಮಿಂಚಿ ಮಾಯ ಆಗತ್ತೆ. ಅಷ್ಟಕ್ಕೇ ಮುಗೀತು ಅಂತ ಆಫ್ ಮಾಡಿಬಿಟ್ರೆ ಮತ್ತೆ ಮೊದಲಿಂದ! ಫೈಲ್ ಹೋಗಿದ್ದು ರ‍್ಯಾಮಿಗೆ, ಅದು ಫ್ಲ್ಯಾಶ್ ಅಳಿಸಿ ಬರೆಯೋಕೆ ಇನ್ನೂ ಟೈಮ್ ಬೇಕು. ಒಂದು ಐದು ನಿಮಿಷ ಕೈ ಕಟ್ಕೊಂಡು ಕೂತಿರಿ, ಚಾ ಕುಡೀರಿ, ಅದೇ ತಾನಾಗಿ ರೀಸ್ಟಾರ್ಟ್ ಆಗಿ ವೈಫೈ ಹೆಸರು ಬರತ್ತೆ.

ಹೀಗೆ ಫೈಲ್ ಕಳಿಸೋ ಪದ್ಧತಿಗೆ ಟಿಎಫ್‌ಟಿಪಿ ಅಂತಾರೆ, 1981ರ ಪ್ರೋಟೋಕಾಲ್, ಪಾಸ್‌ವರ್ಡಿಲ್ಲ ಏನಿಲ್ಲ, 512 ಬೈಟ್ ಕೊಡೋದು, ಬಂತಪ್ಪ ಅಂದ್ಮೇಲೆ ಇನ್ನೊಂದು 512 ಕೊಡೋದು, ಅಷ್ಟೇ. ಅಷ್ಟು ಸರಳ ಇರೋದಕ್ಕೇ 128 ಕೆಬಿ ಒಳಗಿನ ಬೂಟ್‌ಲೋಡರಲ್ಲೂ ಅದಕ್ಕೆ ಜಾಗ ಸಿಕ್ಕಿದೆ.

ಇನ್ನೊಂದು ಮಾತು. ಮಲೆನಾಡಲ್ಲಿ ಸಿಡಿಲಿಗೆ ಹೋಗೋ ರೌಟರುಗಳ ಕತೆ ಬೇರೆ. ಪವರ್ ಲೈಟೇ ಇಲ್ಲ, ಅಥವಾ ಲ್ಯಾನ್ ಕೇಬಲ್ ಹಾಕಿದ್ರೂ ಪೋರ್ಟ್ ಲೈಟ್ ಹತ್ತಲ್ಲ ಅಂದ್ರೆ ಅದು ಫರ್ಮ್‌ವೇರ್ ಕಾಯಿಲೆ ಅಲ್ಲ, ಅಂಥದ್ದಕ್ಕೆ ಅಂಗಡಿಯವರು ಹೇಳಿದ್ದೇ ಸರಿ ಇರಬಹುದು. ಅದಕ್ಕೂ ಮೊದಲು ಅಡಾಪ್ಟರ್ ಬದಲಿಸಿ ನೋಡಿ, ಸುಸ್ತಾದ ಅಡಾಪ್ಟರೂ ಹೀಗೇ ಹತ್ತಿ ಆರೋ ಆಟ ಆಡಿಸತ್ತೆ. ಎಷ್ಟು ವೋಲ್ಟಿಂದು ಅಂತ ಲೇಬಲಲ್ಲಿ ನೋಡಿಯೇ ಹಾಕಿ, ಪಿನ್ ಕೂರತ್ತೆ ಅಂತ ಸೆಟ್‌ಟಾಪ್ ಬಾಕ್ಸಿಂದು ಚುಚ್ಚಬೇಡಿ.

ಪ್ರಶ್ನೆ: ನಂದೂ ಇದೇ ಥರ ರೌಟರ್, ವಿಡಿಯೋ ನೋಡ್ಕೊಂಡು ಟಿಎಫ್‌ಟಿಪಿ ಎಲ್ಲಾ ಮಾಡ್ದೆ, ಒಂದಲ್ಲ ಇಪ್ಪತ್ತು ಸಲ. ಸಾಫ್ಟ್‌ವೇರ್ ವಿಂಡೋ ಖಾಲಿ ಹೊಡೀತಾ ಇದೆ, ರೌಟರ್ ಏನೂ ಕೇಳ್ತಾನೇ ಇಲ್ಲ. — ಮೈಸೂರಿನ ಓದುಗರು

ಉತ್ತರ: ಅದು ಕೇಳ್ತಾ ಇದೆ, ನಿಮ್ಮ ಲ್ಯಾಪ್‌ಟಾಪಿಗೆ ಕೇಳಿಸ್ತಿಲ್ಲ. ಮೊದಲ ಅನುಮಾನ ವಿಂಡೋಸ್ ಫೈರ್‌ವಾಲ್ ಮೇಲೆ, ಹತ್ತು ನಿಮಿಷ ಪೂರ್ತಿ ಆಫ್ ಮಾಡಿ, ಬೇರೆ ಆಂಟಿವೈರಸ್ ಇದ್ರೆ ಅದನ್ನೂ. ಎರಡನೇದು, ಟಿಎಫ್‌ಟಿಪಿಡಿ64ರಲ್ಲಿ ಮೇಲ್ಗಡೆ ಒಂದು ಡ್ರಾಪ್‌ಡೌನ್ ಇದೆ, ಅಲ್ಲಿ ನಿಮ್ಮ ಲ್ಯಾನ್ ಐಪಿಯೇ ಆಯ್ಕೆ ಆಗಿದೆಯಾ ನೋಡಿ, ವೈಫೈದೋ ಇನ್ಯಾವುದೋ ಕೂತಿದ್ರೆ ಜನ್ಮ ಪೂರ್ತಿ ಕಾಯಬೇಕು.

ಇವೆರಡೂ ಸರಿ ಇದ್ರೆ ಮೂರನೇದೇ ಕಳ್ಳ, ಇದು ಯಾವ ವಿಡಿಯೋದಲ್ಲೂ ಸರಿಯಾಗಿ ಹೇಳಲ್ಲ. ರೌಟರ್ ಆಫ್ ಆಗಿದ್ದಾಗ ನಿಮ್ಮ ಲ್ಯಾನ್ ಕೇಬಲ್ ಸತ್ತಂಗೆ. ಆನ್ ಮಾಡಿದ ತಕ್ಷಣ ಬೂಟ್‌ಲೋಡರ್ ಎದ್ದು ಕೆಲವೇ ಸೆಕೆಂಡ್ 'ಫೈಲ್ ಇದೆಯಾ' ಅಂತ ಕೇಳಿ ಸುಮ್ನಾಗತ್ತೆ, ಆದ್ರೆ ವಿಂಡೋಸ್ ಮಾತ್ರ ಓ ಕೇಬಲ್ ಬಂತು, ನೆಟ್‌ವರ್ಕ್ ಯಾವುದು ನೋಡೋಣ ಅಂತ ಆಕಳಿಸಿ ಎದ್ದೇಳೋಷ್ಟರಲ್ಲಿ ಅದು ಹೋಗಿಬಿಟ್ಟಿರತ್ತೆ. ಇದಕ್ಕೆ ಮದ್ದು ಒಂದು ಸಾದಾ 5 ಪೋರ್ಟಿನ ಸ್ವಿಚ್. ಲ್ಯಾಪ್‌ಟಾಪಿಂದ ಸ್ವಿಚ್ಚಿಗೆ, ಸ್ವಿಚ್ಚಿಂದ ರೌಟರಿಗೆ ಕೇಬಲ್ ಹಾಕಿ, ಸ್ವಿಚ್ ಯಾವಾಗಲೂ ಆನ್ ಇರೋದ್ರಿಂದ ಲ್ಯಾಪ್‌ಟಾಪಿನ ಲಿಂಕ್ ಬೀಳೋದೇ ಇಲ್ಲ, ರೌಟರ್ ಕೇಳಿದ ತಕ್ಷಣ ಇದು ಕೊಡತ್ತೆ. ಸ್ವಿಚ್ ಇಲ್ಲ ಅಂದ್ರೆ ಮನೇಲಿ ಮೂಲೇಲಿ ಬಿದ್ದಿರೋ ಯಾವುದಾದ್ರೂ ಕೆಲಸ ಮಾಡೋ ಹಳೇ ರೌಟರಿನ ಲ್ಯಾನ್ ಪೋರ್ಟುಗಳನ್ನೇ ಸ್ವಿಚ್ ಥರ ಬಳಸಬಹುದು, ಅದರ ಐಪಿ 192.168.0.66 ಅಲ್ಲ ಅಂತ ನೋಡ್ಕೊಂಡ್ರೆ ಸಾಕು.

ಲಿಂಕ್ ಸರಿಯಾದ ಮೇಲೆ ಒಂದು ಮಜಾ ಇದೆ, ಲಾಗ್ ನೋಡಿ. ರೌಟರ್ ಯಾವ ಹೆಸರಿನ ಫೈಲ್ ಕೇಳ್ತು ಅಂತ ಅಲ್ಲೇ ಅಕ್ಷರಕ್ಷರ ಬಂದಿರತ್ತೆ, ಆ ಹೆಸರಿನ ಫೈಲ್ ಫೋಲ್ಡರಲ್ಲಿ ಇಲ್ಲದಿದ್ರೆ ಸಿಗಲಿಲ್ಲ ಅಂತ ಕೆಳಗೇ ಬರೆದಿರತ್ತೆ. ನಾನಂತೂ ಹೆಸರನ್ನ ಎಲ್ಲೂ ಹುಡುಕಲ್ಲ, ರೌಟರನ್ನೇ ಕೇಳ್ತೀನಿ, ಅದು ಹೇಳಿದ ಹೆಸರನ್ನ ನೋಡಿ ಫೈಲಿಗೆ ಇಡ್ತೀನಿ.

ಇದೇ ಮಾತಿಗೆ ಸೇರಿಸಿ ಹೇಳೋದು: ಟಿಪಿ-ಲಿಂಕಲ್ಲಿ ರೌಟರ್ ನಿಮ್ಮ ಬಾಗಿಲಿಗೆ ಬಂದು ಕೇಳತ್ತೆ, ಲ್ಯಾಪ್‌ಟಾಪ್ ಸರ್ವರ್. ನೆಟ್‌ಗಿಯರ್, ಹಳೇ ಲಿಂಕ್‌ಸಿಸ್ ಇಂಥವುಗಳಲ್ಲಿ ನೀವು ಅದರ ಬಾಗಿಲಿಗೆ ಹೋಗಿ ಕೊಡಬೇಕು, ಅಂದ್ರೆ ರೌಟರೇ ಸರ್ವರ್, 192.168.1.1ಕ್ಕೆ ನೀವು ಫೈಲನ್ನ 'ಪುಟ್' ಮಾಡ್ಬೇಕು, ಅಂದ್ರೆ ಕಳಿಸಬೇಕು. ಅದರ ವಿಡಿಯೋ ನೋಡಿ ಇದಕ್ಕೆ ಮಾಡಿದ್ರೆ ಇಬ್ಬರೂ ಅವರವರ ಮನೇಲೇ ಕಾಯ್ತಾ ಕೂತಿರ್ತಾರೆ.

ಪ್ರಶ್ನೆ: ಸರ, ನಮ್ಮ ಮನ್ಯಾಗ ಏಸಸ್ ಆರ್‌ಟಿ-ಎಸಿ68ಯು ಐತ್ರಿ. ಬ್ಯಾರೆ ಫರ್ಮ್‌ವೇರ್ ಹಾಕಾಕ ಹೋಗಿ ಕೆಟ್ಟೈತಿ. ನನಗ ಈ ಟಿಎಫ್‌ಟಿಪಿ ಗಿಎಫ್‌ಟಿಪಿ ತಿಳಿಯಂಗಿಲ್ಲ, ಸಳ್ಳ ಅಂತ ಆಗೂ ಹಾದಿ ಹೇಳ್ರಿ. — ಹುಬ್ಬಳ್ಳಿ ಓದುಗರು

ಉತ್ತರ: ನಿಮ್ಮ ಪುಣ್ಯ ದೊಡ್ಡದು ಬಿಡಿ, ಏಸಸ್‌ನವರು ಇದನ್ನ ಸಲೀಸು ಮಾಡಿಟ್ಟಿದ್ದಾರೆ. ಆಫ್ ಮಾಡಿ, ರಿಸೆಟ್ ಒತ್ತಿ ಹಿಡಿದು ಆನ್ ಮಾಡಿ, ಪವರ್ ಲೈಟ್ ನಿಧಾನಕ್ಕೆ ಮಿಣುಕೋಕೆ ಶುರು ಮಾಡಿದ್ರೆ ಕೈ ಬಿಡಿ, ಅದೇ ರೆಸ್ಕ್ಯೂ ಮೋಡ್. ಲ್ಯಾಪ್‌ಟಾಪಿಗೆ 192.168.1.10 ಐಪಿ ಕೊಟ್ಟು ಬ್ರೌಸರಲ್ಲಿ 192.168.1.1 ತೆಗೀರಿ, ಒಂದು ಬೋಳು ಪೇಜ್ ಬರತ್ತೆ, ಫೈಲ್ ಆಯ್ಕೆ ಮಾಡಿ ಅಪ್‌ಲೋಡ್ ಒತ್ತಿ. ಪೇಜ್ ಬರದಿದ್ರೆ ಏಸಸ್ ಸೈಟಲ್ಲಿ ಫರ್ಮ್‌ವೇರ್ ರೆಸ್ಟೋರೇಷನ್ ಅನ್ನೋ ಸಾಫ್ಟ್‌ವೇರ್ ಇದೆ, ಅದೂ ಇದೇ ಕೆಲಸ ಮಾಡತ್ತೆ. ಎದ್ದಿರೋದು ಬೂಟ್‌ಲೋಡರೋ ಫರ್ಮ್‌ವೇರೋ ಅಂತ ಅನುಮಾನ ಬಂದ್ರೆ ಕಮಾಂಡ್ ಪ್ರಾಂಪ್ಟಲ್ಲಿ 192.168.1.1ಕ್ಕೆ ಪಿಂಗ್ ಮಾಡಿ, ಈ ಬ್ರಾಡ್‌ಕಾಮ್ ಚಿಪ್ಪಿನ ಬೂಟ್‌ಲೋಡರ್ ಕೊಡೋ ಉತ್ತರದಲ್ಲಿ ಟಿಟಿಎಲ್ ಅನ್ನೋ ಅಂಕಿ 100 ಇರತ್ತೆ, ಫರ್ಮ್‌ವೇರ್ ಆದ್ರೆ 64. ಎಲ್ಲಾ ಆದ ಮೇಲೂ ಹುಚ್ಚುಚ್ಚಾಗಿ ಆಡಿದ್ರೆ ಹಳೇ ಸೆಟ್ಟಿಂಗ್ಸ್ ಒಳಗೆ ಉಳ್ಕೊಂಡಿರತ್ತೆ, ಆಫ್ ಮಾಡಿ ಈ ಸಲ ಡಬ್ಲ್ಯುಪಿಎಸ್ ಬಟನ್ ಒತ್ತಿ ಹಿಡಿದು ಆನ್ ಮಾಡಿ, ಅಳಿಸಿ ಹೋಗತ್ತೆ.

ಪ್ರಶ್ನೆ: ಇಂಟರ್‌ನೆಟ್ ಕಂಪನಿಯವರು ಕೊಟ್ಟ ಫೈಬರ್ ಬಾಕ್ಸಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಉಚಿತ ಫರ್ಮ್‌ವೇರ್ ಹಾಕಬಹುದಾ? ಅವರ ಫರ್ಮ್‌ವೇರ್ ಆಮೆ ವೇಗ. — ತುಮಕೂರು

ಉತ್ತರ: ಬೇಡ. ಆ ಬಾಕ್ಸ್ ಸಾಮಾನ್ಯವಾಗಿ ಅವರದೇ ಸ್ವತ್ತು, ಅದಕ್ಕೆ ಟಿಆರ್-069 ಅನ್ನೋ ದಾರಿಯಲ್ಲಿ ಅವರೇ ದೂರದಿಂದ ಸೆಟ್ಟಿಂಗ್ಸೂ ಫರ್ಮ್‌ವೇರೂ ತಳ್ತಾರೆ, ಒಳಗೆ ನಿಮ್ಮ ಲೈನಿನ ಗುರುತು ಇರತ್ತೆ, ಅಳಿಸಿದ್ರೆ ಇಂಟರ್‌ನೆಟ್ಟೂ ಹೋಗತ್ತೆ ಬಾಕ್ಸಿನ ದುಡ್ಡೂ ಕೇಳ್ತಾರೆ. ಅದನ್ನ ಅದರ ಪಾಡಿಗೆ ಬಿಟ್ಟು ಹಿಂದೆ ನಿಮ್ಮದೇ ರೌಟರ್ ಹಾಕ್ಕೊಂಡು ಅದರ ಮೇಲೆ ಆಟ ಆಡಿ.

ಪ್ರಶ್ನೆ: ಸರ್, ಡಿಪ್ಲೊಮಾ ಓದ್ತಿದೀನಿ. ಸತ್ತ ಡಬ್ಲ್ಯುಆರ್841ಎನ್ ವರ್ಷನ್ 9 ಒಂದನ್ನ ಬಿಚ್ಚಿ ಅದರ ಬೂಟ್ ಸಂದೇಶ ಲ್ಯಾಪ್‌ಟಾಪಲ್ಲಿ ಓದೋಕೆ ಯುಎಸ್‌ಬಿ ಟಿಟಿಎಲ್ (ಸೀರಿಯಲ್) ವೈರ್ ಬೆಸುಗೆ ಹಾಕಿದೀನಿ. ಮೊದಲು ಬರೀ ಕಸದ ಅಕ್ಷರ ಬರ್ತಿತ್ತು, ಸೀರಿಯಲ್ ವೇಗ 115200 ಇಟ್ಟ ಮೇಲೆ ಸರಿಯಾಯ್ತು. ಆದ್ರೆ 'ಆಟೋಬೂಟಿಂಗ್ ಇನ್ 1 ಸೆಕೆಂಡ್ಸ್' ಅಂತ ಬಂದು ಓಡಿಹೋಗತ್ತೆ, ಎಂಟರ್ ಸ್ಪೇಸ್ ಏನೊತ್ತಿದ್ರೂ ನಿಲ್ಲಲ್ಲ. — ದಾವಣಗೆರೆಯ ಓದುಗ

ಉತ್ತರ: ಶಭಾಷ್ ತಮ್ಮಾ, ಇಲ್ಲೀತನಕ ಬಂದಿದೀಯ ಅಂದ್ರೆ ಮುಕ್ಕಾಲು ಕೆಲಸ ಆಯ್ತು. ಅದಕ್ಕೆ ಬೇಕಾಗಿರೋದು ಎಂಟರ್ ಅಲ್ಲ, ಟಿ ಪಿ ಎಲ್ ಅನ್ನೋ ಮೂರು ಇಂಗ್ಲಿಷ್ ಸಣ್ಣಕ್ಷರ, ಆ ಒಂದು ಸೆಕೆಂಡಿನೊಳಗೆ. ಬೆರಳು ಅಷ್ಟು ಓಡಲ್ಲ, ಮೊದಲೇ ಕಾಪಿ ಮಾಡಿಟ್ಕೊಂಡು ಆ ಸಾಲು ಕಂಡ ಕೂಡಲೇ ಪೇಸ್ಟ್ ಮಾಡು, ಎರಡು ಮೂರು ಪ್ರಯತ್ನದಲ್ಲಿ ಸಿಗತ್ತೆ. ಟಿಟಿಎಲ್ ಬೋರ್ಡಿನ ಜಂಪರ್ 3.3 ವೋಲ್ಟಲ್ಲಿದೆಯಾ ನೋಡ್ಕೋ, ಮೂರೇ ವೈರ್ ಸಾಕು: ಗ್ರೌಂಡ್, ಟಿಎಕ್ಸ್, ಆರ್‌ಎಕ್ಸ್. ವಿಸಿಸಿ ವೈರ್ ಹಾಕಿದ್ರೆ ತೆಗೆದುಬಿಡು, ರೌಟರಿಗೆ ಕರೆಂಟ್ ಅದರದೇ ಅಡಾಪ್ಟರಿಂದ ಬರಬೇಕು.

ಆದ್ರೆ ಪ್ರಾಂಪ್ಟ್ ಸಿಕ್ಕಿದ ಖುಷಿಗೆ ಇರೇಸ್ ಕಮಾಂಡ್ ಹೊಡೆಯೋಕೆ ಮುಂಚೆ ಒಂದು ಪೇಪರ್ ಪೆನ್ನು ತಗೊಂಡು ಕೂತ್ಕೋ. ಫ್ಲ್ಯಾಶ್ ಒಟ್ಟು 4096 ಕೆಬಿ. ಮೊದಲ 128 ಬೂಟ್‌ಲೋಡರ್, ಅದರ ಬಾಲದಲ್ಲೇ ಮ್ಯಾಕ್ ಅಡ್ರೆಸ್ಸೂ ಇರತ್ತೆ. ಕೊನೇ 128ರಲ್ಲಿ 64 ಸೆಟ್ಟಿಂಗ್ಸಿಗೆ, ಇನ್ನು 64 ಎಆರ್‌ಟಿ ಅಂತ, ಅಂದ್ರೆ ಫ್ಯಾಕ್ಟರಿಯಲ್ಲಿ ಆ ಒಂದೇ ಬೋರ್ಡಿನ ವೈಫೈ ರೇಡಿಯೋವನ್ನ ಅಳೆದು ತೂಗಿ ಬರೆದ ಲೆಕ್ಕ. ನಡುವಿನ 3840 ಕೆಬಿ ಮಾತ್ರ ನಮ್ಮದು. ಯು-ಬೂಟ್, ಅಂದ್ರೆ ಈ ಬೂಟ್‌ಲೋಡರ್, ಭಾಷೆಯಲ್ಲಿ ಅದು 9ಎಫ್020000 ಅಡ್ರೆಸ್ಸಿಂದ 3ಸಿ0000 ಉದ್ದ, ಮುಂದೆ ಸೊನ್ನೆ ಎಕ್ಸ್ ಹಾಕ್ಕೋ. ಮೊದಲು ಟಿಎಫ್‌ಟಿಪಿಯಲ್ಲಿ ಫೈಲನ್ನ ರ‍್ಯಾಮಿಗೆ ತರಿಸ್ಕೋ, 80000000 ಅಡ್ರೆಸ್ಸಿಗೆ, ಎಷ್ಟು ಬೈಟ್ ಬಂತು ಅಂತ ಅದು ಹೇಳತ್ತೆ, ಆ ಅಂಕಿ ಫೈಲಿನ ಸೈಜಿಗೆ ಸರಿ ಹೊಂದಿದ್ರೆ ಮಾತ್ರ ಅಳಿಸು, ಆಮೇಲೆ ಕಾಪಿ, ಆಮೇಲೆ ಬೂಟ್. ಮೊದಲು ಅಳಿಸಿ ಆಮೇಲೆ ಫೈಲ್ ಹುಡುಕೋ ಬುದ್ಧಿವಂತರು ಇದ್ದಾರೆ. ಒಂದು ಸೊನ್ನೆ ಹೆಚ್ಚು ಕಮ್ಮಿ ಆದ್ರೂ ಕಷ್ಟ, ಅದಕ್ಕೇ ಇರೇಸ್ ಸಾಲನ್ನ ಬಾಯಲ್ಲಿ ಓದಿ ಆಮೇಲೆ ಎಂಟರ್ ಹೊಡಿ.

ಇಷ್ಟು ಯಾಕೆ ಹೇಳ್ತಿದೀನಿ ಅಂದ್ರೆ ನಾನೇ ಒಂದ್ಸಲ ಭಾವನ ರೌಟರ್ ರಿಪೇರಿ ಮಾಡಿ ಕೊಡ್ತೀನಿ ಅಂತ ಜಂಬ ಕೊಚ್ಕೊಂಡು ತಂದು, ರಾತ್ರಿ ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಕೊನೇ ತುದಿವರೆಗೂ ಅಳಿಸಿಬಿಟ್ಟೆ. ಫರ್ಮ್‌ವೇರ್ ಚೆನ್ನಾಗೇ ಎದ್ದು ಕೂತ್ಕೊಳ್ತು, ಲ್ಯಾನ್ ಎಲ್ಲಾ ಸರಿ, ವೈಫೈ ಮಾತ್ರ ಇಲ್ಲ. ಎಆರ್‌ಟಿ ಬೇರೆ ರೌಟರಿಂದ ತಂದು ಹಾಕಿದ್ರೆ ನಡೆಯತ್ತೆ ಅಂತಾರೆ, ಹಾಕ್ದೆ, ಸಿಗ್ನಲ್ ಬಂತು, ಅಡುಗೆಮನೆ ದಾಟ್ತಿರಲಿಲ್ಲ. ಈಗಲೂ ಅದು ಅವರ ಮನೇಲಿ ಟಿವಿ ಹಿಂದೆ ಬರೀ ಲ್ಯಾನ್ ಸ್ವಿಚ್ ಆಗಿ ಬದುಕಿದೆ, ಹಬ್ಬಕ್ಕೆ ಹೋದಾಗೆಲ್ಲ ಭಾವ ಅದನ್ನ ತೋರಿಸದೆ ಬಿಡಲ್ಲ.

ಪ್ರಶ್ನೆ: ಇಷ್ಟೆಲ್ಲಾ ತಾಪತ್ರಯ ಇದ್ರೆ ಅಪ್‌ಡೇಟ್ ಯಾಕಾದ್ರೂ ಮಾಡ್ಬೇಕು? ಓಡ್ತಿರೋದನ್ನ ಓಡೋಕೆ ಬಿಡೋದಲ್ವಾ? — ಬೆಂಗಳೂರು

ಉತ್ತರ: ಹೊಸ ಬಣ್ಣದ ಮೆನು ಸಿಗತ್ತೆ ಅಂತ ಮಾಡೋದಾದ್ರೆ ಬಿಡಿ. ಆದ್ರೆ ಭದ್ರತೆಯ ತೂತು ಮುಚ್ಚಿದೀವಿ ಅಂತ ಬರೆದಿದ್ರೆ ಮಾಡ್ಬೇಕಾಗತ್ತೆ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಅನ್ನೋ ಮಾಲ್‌ವೇರ್ ಕಡಿಮೆ ಅಂದ್ರೂ 54 ದೇಶಗಳಲ್ಲಿ 5 ಲಕ್ಷ ಸಾಧನಗಳಿಗೆ ಹೊಕ್ಕಿದೆ ಅಂತ ಸಿಸ್ಕೋದ ಟಾಲೋಸ್ ತಂಡ ಹೇಳ್ತು, ಅಮೆರಿಕದ ಎಫ್‌ಬಿಐ ಜನರಿಗೆ ರೌಟರ್ ಆಫ್ ಮಾಡಿ ಆನ್ ಮಾಡಿ ಅಂತ ಕರೆ ಕೊಡೋ ಹಾಗಾಯ್ತು, ಅದರಲ್ಲಿ ಹೆಚ್ಚಿನವು ಇಂಥ ಮನೆ ರೌಟರುಗಳೇ.

ಮಾಡೋವಾಗ ವೈಫೈ ಮೇಲೆ ಮಾಡ್ಬೇಡಿ, ಲ್ಯಾನ್ ಕೇಬಲ್ ಹಾಕಿ. ಲ್ಯಾಪ್‌ಟಾಪ್ ಫುಲ್ ಚಾರ್ಜ್ ಇರಲಿ, ರೌಟರ್ ಯುಪಿಎಸ್ ಮೇಲಿರಲಿ, ಈಗ ರೌಟರಿಗೇ ಅಂತ ಪುಟ್ಟ ಯುಪಿಎಸ್ ಸಿಗತ್ತೆ, ವೋಲ್ಟ್ ನೋಡಿ ತಗೊಳ್ಳಿ. ಇಳಿಸ್ಕೊಂಡ ಫೈಲ್ ಪೂರ್ತಿ ಬಂದಿದೆಯಾ ಅಂತ ಸೈಜ್ ನೋಡಿ, ಸೈಟಲ್ಲಿ ಚೆಕ್‌ಸಮ್ (ಫೈಲ್ ಸರಿ ಇದೆಯಾ ಅಂತ ತಾಳೆ ನೋಡೋ ಗುರುತು) ಕೊಟ್ಟಿದ್ರೆ ವಿಂಡೋಸಿನ ಸರ್ಟ್‌ಯುಟಿಲ್ ಕಮಾಂಡಲ್ಲಿ ತಾಳೆ ಹಾಕಿ. ಮನೆಯವರಿಗೂ ಮೊದಲೇ ಒಂದು ಮಾತು ಹೇಳಿಟ್ಟಿರಿ, ಹತ್ತು ನಿಮಿಷ ಗೀಸರ್ ಮಿಕ್ಸಿ ಎರಡೂ ಒಟ್ಟಿಗೆ ಹಾಕ್ಬೇಡಿ ಅಂತ, ನಮ್ಮನೇಲಿ ಫ್ಯೂಸ್ ಹೋಗಿದ್ದು ಚಟ್ನಿಗೆ.